ಕಿಡಿ ಕಾಣುತ್ತದೆ, ಕರೆಂಟು ಕಾಣುವುದಿಲ್ಲ

2022ರ ಡಿಸೆಂಬರಿನಲ್ಲಿ ಪಶ್ಚಿಮ ಬಂಗಾಳದ ಖರಗ್‌ಪುರ ರೈಲು ನಿಲ್ದಾಣದ ಸಿಸಿಟಿವಿ ಕ್ಯಾಮೆರಾದಲ್ಲಿ ಸೆರೆಯಾದ ಕೆಲವೇ ಸೆಕೆಂಡುಗಳ ದೃಶ್ಯವೊಂದು ದೇಶದ ತುಂಬ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಂತು ಮಾತನಾಡುತ್ತಿದ್ದ ಟಿಕೆಟ್ ತಪಾಸಕರೊಬ್ಬರ ತಲೆಗೆ ಮೇಲಿನಿಂದ ತಂತಿಯೊಂದು ತಾಗುತ್ತದೆ, ಕಿಡಿ ಹಾರುತ್ತದೆ, ಅವರು ಹಳಿಯ ಮೇಲೆ ಉರುಳುತ್ತಾರೆ. ಅದನ್ನಷ್ಟೇ ನೋಡಿದವರಿಗೆ ಎರಡು ಮುಖ್ಯ ಸಂಗತಿಗಳು ತಿಳಿಯುವುದಿಲ್ಲ. ರೈಲ್ವೆ ಅಧಿಕಾರಿಗಳು ಕೊಟ್ಟ ವಿವರಣೆಯಂತೆ, ಹಕ್ಕಿಯೊಂದು ಕಚ್ಚಿಕೊಂಡು ಹೋಗುತ್ತಿದ್ದ ಉದ್ದನೆಯ ಬಿಡಿ ತಂತಿಯ ಒಂದು ತುದಿ ಹಳಿಯ ಮೇಲಿನ ವಿದ್ಯುತ್ ಮಾರ್ಗಕ್ಕೆ ತಾಗಿತ್ತು, ಇನ್ನೊಂದು ತುದಿ ಜೋತುಬಿದ್ದು ಆ ನೌಕರರ ತಲೆಗೆ ಬಡಿದಿತ್ತು. ಎರಡನೆಯದಾಗಿ, ಅವರು ಸತ್ತಿರಲಿಲ್ಲ. ಸುಟ್ಟ ಗಾಯಗಳೊಂದಿಗೆ ಬದುಕಿ ಉಳಿದರು.

ಇಂಥ ವಿಡಿಯೊಗಳನ್ನು ಹಂಚುವವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ‘ನಾಲ್ಕು ಜನ ನೋಡಿ ಎಚ್ಚರವಾಗಲಿ.’ ಆ ಮಾತಿನ ಹಿಂದಿರುವ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ವಿದ್ಯುತ್ ಅವಘಡದ ವಿಡಿಯೊ ನೋಡಿದವರು ಕಲಿಯುವುದು ಬಹಳ ಕಡಿಮೆ, ಕಳೆದುಕೊಳ್ಳುವುದು ಹೆಚ್ಚು. ಕ್ಯಾಮೆರಾಕ್ಕೆ ಸಿಗುವುದು ಕಿಡಿ ಮತ್ತು ಬೀಳುವ ದೇಹ ಮಾತ್ರ. ಕೊಲ್ಲುವ ಕರೆಂಟು ಎಲ್ಲಿಂದ ಹೊರಟು, ಯಾವ ದಾರಿಯಲ್ಲಿ ಹಾದು, ಎಲ್ಲಿಗೆ ಹೋಯಿತು ಎಂಬುದು ಯಾವ ಚಿತ್ರದಲ್ಲಿಯೂ ಮೂಡುವುದಿಲ್ಲ. ನಮ್ಮ ದೇಶದಲ್ಲಿ ವಿದ್ಯುತ್ ತಗುಲಿ ವರ್ಷಕ್ಕೆ 12 ಸಾವಿರಕ್ಕೂ ಹೆಚ್ಚು ಜನ ಸಾಯುತ್ತಿರುವುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳು ತೋರಿಸುತ್ತವೆ. ಇಷ್ಟೊಂದು ಸಾವುಗಳನ್ನು ತಡೆಯಬೇಕಾದರೆ ತಿಳಿಯಬೇಕಾದದ್ದು ಆ ದಾರಿಯನ್ನು.

ಮೊದಲು ವೋಲ್ಟ್ ಮತ್ತು ಆಂಪಿಯರ್‌ಗಳ ವ್ಯತ್ಯಾಸವನ್ನು ಬಿಡಿಸಿಕೊಳ್ಳೋಣ. ತೊಟ್ಟಿ ಎಷ್ಟು ಎತ್ತರದಲ್ಲಿದೆಯೋ ನಲ್ಲಿಯಲ್ಲಿ ನೀರಿನ ಒತ್ತಡ ಅಷ್ಟು ಹೆಚ್ಚು. ವೋಲ್ಟೇಜ್ ಎಂದರೆ ಈ ಒತ್ತಡ. ನಲ್ಲಿಯಿಂದ ನಿಜವಾಗಿ ಹರಿಯುವ ನೀರಿನ ಪ್ರಮಾಣಕ್ಕೆ ಸಮನಾದದ್ದು ಕರೆಂಟು, ಅಂದರೆ ಆಂಪಿಯರ್. ಮನುಷ್ಯನಿಗೆ ಹಾನಿ ಮಾಡುವುದು ಈ ಹರಿವು. ಆಂಪಿಯರಿನ ಸಾವಿರದ ಒಂದು ಭಾಗವಾದ ಒಂದು ಮಿಲಿಆಂಪಿಯರ್ ಹರಿದರೆ ಚುರುಕ್ಕೆನ್ನುತ್ತದೆ. 10 ಮಿಲಿಆಂಪಿಯರ್ ದಾಟಿದರೆ ಕೈಯ ಸ್ನಾಯುಗಳು ಸೆಟೆದುಕೊಂಡು, ಹಿಡಿದ ತಂತಿಯನ್ನು ಬಿಡಬೇಕೆಂದರೂ ಬಿಡಲಾಗದ ಸ್ಥಿತಿ ಬರಬಹುದು. ಕರೆಂಟು ಹಿಡಿದುಕೊಂಡಿತು ಎಂದು ನಾವು ಹೇಳುವುದು ಇದನ್ನೇ. ನಿಜಕ್ಕೂ ಹಿಡಿದುಕೊಂಡಿರುವುದು ನಮ್ಮದೇ ಕೈ. 50ರಿಂದ 100 ಮಿಲಿಆಂಪಿಯರ್ ಎದೆಯನ್ನು ಹಾದುಹೋದರೆ ಹೃದಯದ ಕೆಳಕೋಣೆಗಳು ಲಯ ತಪ್ಪಿ ಬರಿದೇ ಅದುರತೊಡಗುತ್ತವೆ, ರಕ್ತದ ಚಲನೆ ನಿಂತುಹೋಗುತ್ತದೆ. ಮನೆಯ ಸ್ವಿಚ್‌ಬೋರ್ಡಿನ ಬಳಿ ಕೂರಿಸುವ ಆರ್‌ಸಿಸಿಬಿ ಎಂಬ ಸುರಕ್ಷಾ ಸಾಧನವು 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿದುಹಾಕುವಂತೆ ರೂಪಿತವಾಗಿರುವುದು ಈ ಲೆಕ್ಕದಿಂದಲೇ.

ಈ ಹರಿವಿಗೆ ದೇಹ ಒಡ್ಡುವ ತಡೆಯಲ್ಲಿ ದೊಡ್ಡ ಪಾಲು ಒಣ ಚರ್ಮದ್ದು. ಆ ಕಾರಣಕ್ಕೆ 230 ವೋಲ್ಟಿನ ಮನೆಯ ಕರೆಂಟು ಒಣಗಿದ ಕೈಗೆ ತಗುಲಿದಾಗ ಎಷ್ಟೋ ಜನ ಶಾಕ್ ಹೊಡೆಸಿಕೊಂಡು ಬದುಕಿ ಬಂದಿದ್ದಾರೆ, ಒದ್ದೆ ಕೈಗೆ ತಗುಲಿದಾಗ ಎಷ್ಟೋ ಜನ ಸತ್ತಿದ್ದಾರೆ. ವೋಲ್ಟೇಜು 500–600ನ್ನು ಮೀರಿದರೆ ಚರ್ಮವೇ ತೂತು ಬೀಳುತ್ತದೆ. ಆ ಕಾವಲು ಬಿದ್ದ ಮೇಲೆ ಒಳಗೆ ಉಳಿಯುವುದು ಉಪ್ಪುನೀರು ತುಂಬಿದ ರಕ್ತನಾಳ, ನರ ಮತ್ತು ಸ್ನಾಯುಗಳು. ಇವುಗಳ ತಡೆ ಸುಮಾರು 500 ಓಮ್‌ನಷ್ಟು ಮಾತ್ರ. ನಮ್ಮ ಊರುಗಳ ರಸ್ತೆ ಬದಿಯಲ್ಲಿ, ಹೊಲಗಳ ಮೇಲೆ ಹಾದುಹೋಗುವ 11 ಕೆವಿ (ತಂತಿ ತಂತಿಗಳ ನಡುವೆ 11 ಸಾವಿರ ವೋಲ್ಟು) ಮಾರ್ಗದ ಒಂದು ತಂತಿಗೂ ನೆಲಕ್ಕೂ ನಡುವೆ ಸುಮಾರು 6,350 ವೋಲ್ಟುಗಳ ಒತ್ತಡವಿರುತ್ತದೆ. ಬೇರೆ ಯಾವ ತಡೆಯೂ ಇಲ್ಲದಿದ್ದರೆ ದೇಹದಲ್ಲಿ 12 ಆಂಪಿಯರಿಗೂ ಹೆಚ್ಚು ಹರಿಯುತ್ತದೆ, ಅಂದರೆ ಹೃದಯವನ್ನು ನಿಲ್ಲಿಸಲು ಬೇಕಾದ ಕರೆಂಟಿನ ನೂರಾರು ಪಟ್ಟು. ಅದರಿಂದ ಹುಟ್ಟುವ ಶಾಖ 80 ಕಿಲೋವ್ಯಾಟ್. 2 ಕಿಲೋವ್ಯಾಟಿನ 40 ಗೀಸರ್‌ಗಳನ್ನು ಒಂದೇ ದೇಹದೊಳಗೆ ಒಟ್ಟಿಗೆ ಹಾಕಿದಂತೆ. ಮನೆಯ ಕರೆಂಟು ಬಹುಪಾಲು ಹೃದಯವನ್ನು ಕೆಡಿಸಿ ಕೊಲ್ಲುತ್ತದೆ; ಹೈಟೆನ್ಷನ್ ಕರೆಂಟು ಹೃದಯವನ್ನೂ ಕೆಡಿಸಬಲ್ಲದು, ಮಾಂಸವನ್ನೂ ಒಳಗಿನಿಂದಲೇ ಬೇಯಿಸುತ್ತದೆ.

ಈ ಬೇಯುವಿಕೆ ಹೊರಗೆ ಕಾಣುವುದಿಲ್ಲ. ಅಂಗೈಯಲ್ಲಿ ಒಂದು ಕರಕಲು ಗುರುತು, ಅಂಗಾಲಿನಲ್ಲಿ ಇನ್ನೊಂದು, ನಡುವಿನ ಚರ್ಮವೆಲ್ಲ ಹಾಗೇ ಇರಬಹುದು. ಒಳಗೆ ಮೂಳೆಗೆ ಅಂಟಿಕೊಂಡ ಸ್ನಾಯುಗಳು ಸತ್ತಿರುತ್ತವೆ, ಊದಿಕೊಂಡು ತಮ್ಮದೇ ರಕ್ತನಾಳಗಳನ್ನು ಹಿಸುಕುತ್ತಿರುತ್ತವೆ. ಸತ್ತ ಸ್ನಾಯುವಿನಿಂದ ಬಿಡುಗಡೆಯಾದ ಮಯೋಗ್ಲೋಬಿನ್ ಎಂಬ ಪ್ರೋಟೀನು ರಕ್ತದಲ್ಲಿ ಸೇರಿ ಮೂತ್ರಪಿಂಡಗಳನ್ನು ಕಟ್ಟಿಹಾಕುತ್ತದೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ. ಶಸ್ತ್ರವೈದ್ಯರು ಕೈಯನ್ನು ಉದ್ದಕ್ಕೆ ಸೀಳಿ ಒತ್ತಡ ಇಳಿಸಬೇಕಾಗುತ್ತದೆ. ಹಲವರ ವಿಷಯದಲ್ಲಿ ಕೈ ಅಥವಾ ಕಾಲನ್ನೇ ತೆಗೆಯಬೇಕಾಗುತ್ತದೆ. ತಿಂಗಳುಗಳು ಕಳೆದ ಮೇಲೆ ಕಣ್ಣಿಗೆ ಪೊರೆ ಬರುವುದೂ ಉಂಟು. ವಿಡಿಯೊದಲ್ಲಿ ಎದ್ದು ಕುಳಿತವನನ್ನು ಕಂಡು ‘ಬಚಾವಾದ’ ಎಂದು ನಿಟ್ಟುಸಿರು ಬಿಡುವವರಿಗೆ ಈ ಮುಂದಿನ ಅಧ್ಯಾಯ ಕಾಣುವುದಿಲ್ಲ. ಹೈಟೆನ್ಷನ್ ತಗುಲಿದವರು ನಡೆದಾಡುವಂತಿದ್ದರೂ ಅವರನ್ನು ಆಸ್ಪತ್ರೆಗೆ ಸೇರಿಸಲೇಬೇಕು.

ಇನ್ನು ಗಾಳಿಯ ವಿಷಯ. ದೊಡ್ಡ ಲೈನು ಮನುಷ್ಯನನ್ನು ದೂರದಿಂದಲೇ ಎಳೆದುಕೊಳ್ಳುತ್ತದೆ ಎಂಬ ಮಾತು ನಮ್ಮಲ್ಲಿ ಬಹಳ ಕಡೆ ಇದೆ. ತಂತಿಗೆ ಅಂಥ ಸೆಳೆತವಿಲ್ಲ, ಆದರೂ ಆ ಮಾತಿನ ಹಿಂದೆ ಜನ ಕಣ್ಣಾರೆ ಕಂಡ ಒಂದು ಸತ್ಯವಿದೆ: ಮುಟ್ಟದೆಯೂ ಶಾಕ್ ಹೊಡೆಯುತ್ತದೆ. ಗಾಳಿ ಸಾಮಾನ್ಯವಾಗಿ ಕರೆಂಟನ್ನು ಬಿಡುವುದಿಲ್ಲ. ಒತ್ತಡ ಒಂದು ಮಿತಿಯನ್ನು ಮೀರಿದಾಗ ಗಾಳಿಯ ಕಣಗಳು ಒಡೆದು ಅದೇ ಒಂದು ಉರಿಯುವ ತಂತಿಯಾಗುತ್ತದೆ. ಆಗ ಏಳುವ ಜ್ವಾಲೆಯ ಉಷ್ಣತೆ ಸೂರ್ಯನ ಮೇಲ್ಮೈಯ 5,500 ಡಿಗ್ರಿಯನ್ನೂ ಮೀರಬಲ್ಲದು. ನಿಂತ ಒಣ ಗಾಳಿಯಲ್ಲಿ 25 ಸಾವಿರ ವೋಲ್ಟು ಹಾರಬಲ್ಲ ದೂರ ಕೆಲವು ಸೆಂಟಿಮೀಟರು ಮಾತ್ರ. ಹಾಗಿದ್ದರೂ ಭಾರತೀಯ ರೈಲ್ವೆ ತನ್ನ 25 ಕೆವಿ ತಂತಿಯಿಂದ 2 ಮೀಟರ್ ದೂರವಿರಬೇಕೆಂದು ವಿಧಿಸಿರುವುದು, ತಂತಿ ತೂಗಾಡುತ್ತದೆ, ಮಳೆ ಬರುತ್ತದೆ, ಸಿಡಿಲಿನಿಂದ ವೋಲ್ಟೇಜು ಒಮ್ಮೆಲೇ ಏರುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಮನುಷ್ಯ ಕೈ ಎತ್ತುತ್ತಾನೆ ಎಂಬುದನ್ನು ಬಲ್ಲವರು ಹಾಕಿದ ಲೆಕ್ಕದಿಂದ.

ರೈಲಿನ ಮೇಲೆ ಹತ್ತಿ ಸೆಲ್ಫಿ ತೆಗೆಯಲು ಹೋಗಿ ಸಾಯುವ ಹುಡುಗರ ಸುದ್ದಿ ಬರುತ್ತಲೇ ಇರುತ್ತದೆ. ಅಲ್ಲಿನ ಅಳತೆಯನ್ನು ಒಮ್ಮೆ ಕೂಡಿ ಕಳೆದು ನೋಡಬೇಕು. ಹಳಿಯಿಂದ ತಂತಿಯ ಎತ್ತರ ಸುಮಾರು 5.5 ಮೀಟರ್, ಬೋಗಿಯ ಚಾವಣಿಯ ಎತ್ತರ ಸುಮಾರು 4 ಮೀಟರ್. ಉಳಿಯುವುದು ಒಂದೂವರೆ ಮೀಟರ್. ಹದಿನೇಳು ವರ್ಷದ ಹುಡುಗ ಚಾವಣಿಯ ಮೇಲೆ ಮಂಡಿಯೂರುವಾಗಲೇ 2 ಮೀಟರಿನ ಮಿತಿಯೊಳಗೆ ಬಂದಾಗಿರುತ್ತದೆ. ನೆಟ್ಟಗೆ ನಿಂತರೆ ತಲೆ ತಂತಿಗೆ ತಾಗುತ್ತದೆ. ಕಾಲಡಿ ಇರುವುದು ಚಕ್ರ ಮತ್ತು ಹಳಿಯ ಮೂಲಕ ಭೂಮಿಗೆ ಸೇರಿಕೊಂಡ ಲೋಹದ ಚಾವಣಿ, ಕರೆಂಟಿಗೆ ಅದಕ್ಕಿಂತ ಸಲೀಸಾದ ದಾರಿ ಬೇಕಿಲ್ಲ. ಈ ಲೆಕ್ಕ ನಮ್ಮ ರಾಜ್ಯದ ಎಷ್ಟೋ ಊರುಗಳಿಗೆ ಹೊಸದು. ದಶಕಗಳ ಕಾಲ ಡೀಸೆಲ್ ಎಂಜಿನ್ನುಗಳು ಓಡುತ್ತಿದ್ದ ಹಳಿಗಳ ಮೇಲೆ ಈಚಿನ ವರ್ಷಗಳಲ್ಲಿ ತಂತಿ ಬಂದಿದೆ. ಕರಾವಳಿಯುದ್ದಕ್ಕೂ ಸಾಗುವ ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ವಿದ್ಯುದೀಕರಣಗೊಂಡದ್ದು 2022ರಲ್ಲಿ. ನಿಂತ ಗೂಡ್ಸ್ ಗಾಡಿಯ ಮೇಲೆ ಹತ್ತಿ ಆ ಕಡೆ ಇಳಿಯುವುದು ತಂದೆಯ ಕಾಲದಲ್ಲಿ ಬೈಸಿಕೊಳ್ಳುವಂಥ ತಪ್ಪಾಗಿತ್ತು, ಮಗನ ಕಾಲದಲ್ಲಿ ಅದು ಪ್ರಾಣ ತೆಗೆಯುವ ತಪ್ಪಾಗಿದೆ.

ಕೈಯಲ್ಲಿರುವ ಉದ್ದನೆಯ ವಸ್ತು ಇದೇ ಅಂತರವನ್ನು ಇನ್ನೊಂದು ಬಗೆಯಲ್ಲಿ ನುಂಗುತ್ತದೆ. ಕರಾವಳಿ ಮತ್ತು ಮಲೆನಾಡಿನ ಅಡಿಕೆ ತೋಟಗಳಲ್ಲಿ ಮರ ಹತ್ತುವವರು ಸಿಗದಂತಾದ ಮೇಲೆ, ನೆಲದಲ್ಲಿ ನಿಂತೇ ಕೊನೆ (ಅಡಿಕೆ ಗೊನೆ) ಕೊಯ್ಯಲು ಮತ್ತು ಔಷಧಿ ಹೊಡೆಯಲು ಉದ್ದನೆಯ ದೋಟಿಗಳು ಬಂದಿವೆ. ಅಲ್ಯೂಮಿನಿಯಂ ದೋಟಿ ಅಪಾಯವೆಂದು ಬಹಳ ಜನರಿಗೆ ಗೊತ್ತು. ಅದರ ಬದಲಿಗೆ ಬಂದ ಹಗುರವಾದ ಕಾರ್ಬನ್ ಫೈಬರ್ ದೋಟಿ ನೋಡಲು ಪ್ಲಾಸ್ಟಿಕ್ಕಿನಂತಿದ್ದು, ಲೋಹವಲ್ಲದ್ದರಿಂದ ಕರೆಂಟು ಹೊಡೆಯಲಾರದು ಎಂಬ ಭಾವನೆ ಹುಟ್ಟಿಸುತ್ತದೆ. ಇದು ತಪ್ಪು. ಕಾರ್ಬನ್ ಫೈಬರು ಕರೆಂಟನ್ನು ಚೆನ್ನಾಗಿಯೇ ಹರಿಸುತ್ತದೆ. ತೋಟದಲ್ಲಿ ದೋಟಿ ಹಿಡಿದವನ ಕಣ್ಣು ಸದಾ ಮೇಲಿನ ಕೊನೆಯ ಮೇಲಿರುತ್ತದೆ. ಕೊನೆ ಕಳಚಿ ಬಿದ್ದೊಡನೆ ಅಷ್ಟುದ್ದದ ದೋಟಿ ಬಾಗಿ, ತುಯ್ದು, ಯಾವ ಕಡೆಗಾದರೂ ವಾಲಬಹುದು. ಸೋಗೆಗಳ ಮರೆಯಲ್ಲಿ ಹಾದುಹೋದ ತಂತಿ ಆ ಕಡೆಗೇ ಇದ್ದರೆ, ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ನಿಂತವನಿಗೆ ತಪ್ಪಿಸಿಕೊಳ್ಳಲು ಕ್ಷಣವೂ ಸಿಗದು. ಲೈನು ಹಾದುಹೋಗುವ ಸಾಲಿನಲ್ಲಿ ದೋಟಿ ಎತ್ತುವ ಮೊದಲು ದೋಟಿಯ ಪೂರ್ತಿ ಉದ್ದವನ್ನು ನೆಲದ ಮೇಲೆ ಮಲಗಿಸಿ, ಅದು ವಾಲಿದರೆ ತಂತಿಯವರೆಗೆ ಮುಟ್ಟುವುದೋ ಇಲ್ಲವೋ ಎಂದು ಅಳೆದು ನೋಡುವುದು ಐದು ನಿಮಿಷದ ಕೆಲಸ. ಮುಟ್ಟುವಂತಿದ್ದರೆ ಲೈನು ಬಂದ್ ಮಾಡಿಸದೆ ಆ ಮರಗಳ ಬಳಿ ಹೋಗಬಾರದು.

ತೋಟದಾಚೆಗೂ ಕಥೆ ಇದೇ. 2022ರ ಏಪ್ರಿಲಿನಲ್ಲಿ ತಮಿಳುನಾಡಿನ ತಂಜಾವೂರು ಬಳಿಯ ಕಳಿಮೇಡಿನಲ್ಲಿ ತೇರು ಹೈಟೆನ್ಷನ್ ತಂತಿಗೆ ತಾಗಿ 11 ಜನ ಸತ್ತರು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಚಿತ್ರನಟರ ಹುಟ್ಟುಹಬ್ಬಕ್ಕೆಂದು ಕಟೌಟ್ ನಿಲ್ಲಿಸುವಾಗ ಮೂವರು ಯುವಕರು ಸತ್ತರು. ತೇರು, ಕಟೌಟು, ಏಣಿ, ಬೋರ್‌ವೆಲ್ಲಿನ ಪೈಪು: ಎಲ್ಲವೂ ನೆಲದಲ್ಲಿ ನಿಂತ ಮನುಷ್ಯನ ಕೈಯನ್ನು ತಂತಿಯವರೆಗೆ ಉದ್ದ ಮಾಡಿದ ವಸ್ತುಗಳೇ.

ತಂತಿಯೇ ಕೆಳಗೆ ಬಂದರೆ ಏನಾಗುತ್ತದೆಂಬುದು ಇವೆಲ್ಲಕ್ಕಿಂತ ಕಡಿಮೆ ಜನರಿಗೆ ತಿಳಿದ ವಿಷಯ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. 2023ರ ನವೆಂಬರಿನಲ್ಲಿ ಬೆಂಗಳೂರಿನ ಹೋಪ್ ಫಾರ್ಮ್ ಬಳಿ ಬೆಳಗಿನ ಜಾವದ ಕತ್ತಲಲ್ಲಿ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿಯನ್ನು ತುಳಿದು ತಾಯಿ ಮತ್ತು ಒಂಬತ್ತು ತಿಂಗಳ ಮಗು ಸತ್ತರು. ತಂತಿ ಬಿದ್ದರೆ ಕರೆಂಟು ತಾನಾಗಿ ಹೋಗಿರುತ್ತದೆ ಎಂದು ನಾವು ನಂಬುತ್ತೇವೆ. ಸಬ್‌ಸ್ಟೇಷನ್ನಿನ ರಕ್ಷಣಾ ಸಾಧನ ಲೈನನ್ನು ಕಡಿಯುವುದು ದೊಡ್ಡ ಪ್ರಮಾಣದ ಕರೆಂಟು ಹರಿದದ್ದನ್ನು ಗುರುತಿಸಿದಾಗ. ಒಣ ಮಣ್ಣು, ಜಲ್ಲಿ, ಕಾಂಕ್ರೀಟು, ಡಾಂಬರಿನ ಮೇಲೆ ಬಿದ್ದ ತಂತಿಯಿಂದ ನೆಲಕ್ಕೆ ಹರಿಯುವ ಕರೆಂಟು ಕಡಿಮೆ. ಸಾಧನದ ಲೆಕ್ಕದಲ್ಲಿ ಅದು ಯಾರದೋ ಪಂಪ್‌ಸೆಟ್ ಓಡಿದಂತೆ. ಲೈನು ಹಾಗೇ ಜೀವಂತವಾಗಿ ಬಿದ್ದಿರುತ್ತದೆ. ಕಡಿದರೂ, ಗಾಳಿಗೆ ಕೊಂಬೆ ತಾಗಿ ಕಡಿದಿರಬಹುದೆಂದು ಸ್ವಲ್ಪ ಹೊತ್ತಿನಲ್ಲೇ ಲೈನಿಗೆ ಮತ್ತೆ ಕರೆಂಟು ಬಿಡುವುದುಂಟು. ಕಿಡಿಯಿಲ್ಲ, ಸದ್ದಿಲ್ಲ ಎಂಬುದು ಕರೆಂಟಿಲ್ಲ ಎಂಬುದಕ್ಕೆ ಪುರಾವೆಯೇ ಆಗುವುದಿಲ್ಲ.

ಅಂಥ ತಂತಿಯ ಸುತ್ತ ನೆಲವೇ ಅಪಾಯ. ಕೆರೆಗೆ ಕಲ್ಲು ಎಸೆದಾಗ ಅಲೆಗಳು ಉಂಗುರ ಉಂಗುರವಾಗಿ ಹರಡುವಂತೆ ವೋಲ್ಟೇಜು ತಂತಿ ತಾಗಿದ ಜಾಗದಿಂದ ಹೊರಕ್ಕೆ ಇಳಿಯುತ್ತ ಹೋಗುತ್ತದೆ. ಒಂದು ಕಾಲು ಒಳಗಿನ ಉಂಗುರದಲ್ಲಿ, ಇನ್ನೊಂದು ಹೊರಗಿನ ಉಂಗುರದಲ್ಲಿ ಬಿದ್ದರೆ ಆ ಎರಡರ ನಡುವಿನ ವ್ಯತ್ಯಾಸ ಕಾಲುಗಳ ಮೂಲಕ ಕರೆಂಟನ್ನು ಹರಿಸುತ್ತದೆ. ಹೆಜ್ಜೆ ಉದ್ದವಾದಷ್ಟೂ ವ್ಯತ್ಯಾಸ ಹೆಚ್ಚು. ದನಗಳ ಮುಂಗಾಲಿಗೂ ಹಿಂಗಾಲಿಗೂ ನಡುವಿನ ದೂರ ನಮ್ಮ ಹೆಜ್ಜೆಗಿಂತ ಹೆಚ್ಚು, ಆ ದಾರಿಯಲ್ಲಿಯೇ ಹೃದಯವೂ ಇದೆ. ತಂತಿ ಬಿದ್ದ ಹೊಲದಲ್ಲಿ ಎತ್ತು ಸತ್ತು, ಹಿಂದೆ ಬರುತ್ತಿದ್ದ ರೈತ ಉಳಿಯುವುದರ ಒಂದು ಕಾರಣ ಇದು. 2016ರಲ್ಲಿ ನಾರ್ವೆಯ ಹಾರ್ಡಂಗರ್‌ವಿಡ್ಡಾ ಪ್ರಸ್ಥಭೂಮಿಯಲ್ಲಿ ಒಂದೇ ಸಿಡಿಲಿನ ಹೊಡೆತಕ್ಕೆ 323 ಹಿಮಸಾರಂಗಗಳು ಸತ್ತದ್ದರ ಹಿಂದೆಯೂ ನೆಲದೊಳಗೆ ಹೀಗೆ ಹರಡಿದ ಕರೆಂಟೇ ಇತ್ತು. ಬಿದ್ದ ತಂತಿಯ ಹತ್ತಿರ ಇದ್ದೇವೆಂದು ಅರಿವಾದರೆ ಓಡಬಾರದು. ಎರಡೂ ಪಾದಗಳನ್ನು ಜೋಡಿಸಿಕೊಂಡು, ನೆಲದಿಂದ ಎತ್ತದೆ, ಪಾದದ ಅರ್ಧದಷ್ಟು ಉದ್ದದ ಪುಟ್ಟ ಪುಟ್ಟ ಸರಿತಗಳಲ್ಲಿ ತೆವಳಿಸುತ್ತ ಹತ್ತು ಮೀಟರ್ ಆಚೆಗೆ ಸರಿಯಬೇಕು. ಅಲ್ಲಿಂದ 1912ಕ್ಕೆ ಕರೆ ಮಾಡಿ, ಬೇರೆಯವರು ಬರದಂತೆ ತಡೆಯುವುದು ಮುಂದಿನ ಕೆಲಸ.

ಈಗ ಮತ್ತೆ ಮೊಬೈಲಿನ ಪರದೆಗೆ ಬರೋಣ. ಸಾವಿನ ದೃಶ್ಯವನ್ನು ನೋಡಬೇಕೆನಿಸುವುದರಲ್ಲಿ ಕ್ರೌರ್ಯವಿದೆ ಎಂದು ನಾನು ಭಾವಿಸುವುದಿಲ್ಲ. ಅಪಾಯ ಬಂದದ್ದು ಎಲ್ಲಿಂದ ಎಂದು ತಿಳಿಯುವ ತವಕ ಮನುಷ್ಯನಿಗೆ ಹುಟ್ಟಿನಿಂದ ಬಂದದ್ದು. ಹುಲಿ ದನವನ್ನು ಹಿಡಿದದ್ದನ್ನು ಕಂಡವನು ಆ ಹಳ್ಳದ ಕಡೆ ಮತ್ತೆ ಹೋಗುತ್ತಿರಲಿಲ್ಲ. ನೋಡಿದ್ದರಿಂದ ಅವನಿಗೆ ಲಾಭವಾಗುತ್ತಿತ್ತು. ಹುಲಿಗೆ ಬಣ್ಣವಿದೆ, ವಾಸನೆಯಿದೆ, ಹೆಜ್ಜೆಗುರುತಿದೆ. ವಿದ್ಯುತ್ತಿಗೆ ಇವೊಂದೂ ಇಲ್ಲದ ಕಾರಣ ಅದೇ ತವಕ ಇಲ್ಲಿ ಬರಿಗೈಯಲ್ಲಿ ಮರಳುತ್ತದೆ. ರೈಲಿನ ಮೇಲೆ ಬಿದ್ದ ಹುಡುಗನ ವಿಡಿಯೊವನ್ನು ಹತ್ತು ಬಾರಿ ನೋಡಿದರೂ ಒಂದೂವರೆ ಮೀಟರಿನ ಲೆಕ್ಕ ಅದರಲ್ಲಿ ಸಿಗುವುದಿಲ್ಲ. ತಂತಿಯನ್ನು ಮುಟ್ಟಬಾರದು ಎಂಬ ಮೊದಲೇ ತಿಳಿದಿದ್ದ ಪಾಠ ಮಾತ್ರ ಸಿಗುತ್ತದೆ. ಮುಟ್ಟದಿದ್ದರೆ ಸಾಕು ಎಂಬ ತಪ್ಪು ಧೈರ್ಯವನ್ನೂ ಅದು ಕೊಡಬಹುದು.

ಮನಸ್ಸಿಗೆ ಆಗುವ ಪೆಟ್ಟಿನ ಬಗ್ಗೆ ಗಟ್ಟಿ ಅಧ್ಯಯನಗಳಿವೆ. 2013ರ ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದ ನಂತರ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇರ್ವೈನ್ ಕೇಂದ್ರದ ಸಂಶೋಧಕರು ಸಾವಿರಾರು ಜನರನ್ನು ವಿಚಾರಿಸಿದರು. ಸ್ಫೋಟದ ಸುದ್ದಿ ಮತ್ತು ದೃಶ್ಯಗಳನ್ನು ದಿನಕ್ಕೆ ಆರು ಗಂಟೆ ಅಥವಾ ಹೆಚ್ಚು ಹೊತ್ತು ಹಿಂಬಾಲಿಸಿದವರಲ್ಲಿ, ಸ್ಫೋಟದ ಸ್ಥಳದಲ್ಲಿ ಅಥವಾ ಸಮೀಪದಲ್ಲಿ ಇದ್ದವರಿಗಿಂತಲೂ ತೀವ್ರವಾದ ಒತ್ತಡದ ಲಕ್ಷಣಗಳು ಕಂಡುಬಂದವು. ಮನೋವೈದ್ಯರು ಬಳಸುವ ಡಿಎಸ್‌ಎಂ–5 ಎಂಬ ಕೈಪಿಡಿ, ಪರದೆಯ ಮೇಲೆ ನೋಡಿದ್ದನ್ನು ಸಾಮಾನ್ಯವಾಗಿ ಆಘಾತೋತ್ತರ ಒತ್ತಡ ಕಾಯಿಲೆಯ ಕಾರಣಗಳಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನೋಡುವುದೇ ಉದ್ಯೋಗವಾದಾಗ ಮಾತ್ರ ಅದಕ್ಕೆ ವಿನಾಯಿತಿ ಇದೆ. ಆ ಉದ್ಯೋಗ ಮಾಡಿದವರ ಅನುಭವವೂ ದಾಖಲಾಗಿದೆ: ಫೇಸ್‌ಬುಕ್ಕಿಗೆ ಬರುವ ಹಿಂಸೆಯ ದೃಶ್ಯಗಳನ್ನು ದಿನವಿಡೀ ನೋಡಿ ತೆಗೆದುಹಾಕುತ್ತಿದ್ದವರು ಹೂಡಿದ ಮೊಕದ್ದಮೆಯಲ್ಲಿ ಆ ಕಂಪನಿ 2020ರಲ್ಲಿ 5 ಕೋಟಿ 20 ಲಕ್ಷ ಡಾಲರ್ ಕೊಡಲು ಒಪ್ಪಿತು. ಮಕ್ಕಳ ವಿಷಯದಲ್ಲಿ ನನಗಿರುವ ಆತಂಕ ಇನ್ನೂ ಹೆಚ್ಚಿನದು. ಮನೆಯವರ ಗುಂಪಿಗೆ ಬಂದ ವಿಡಿಯೊ ಅಜ್ಜಿಯ ಫೋನಿನಲ್ಲಿ ತಾನಾಗಿಯೇ ಇಳಿದುಕೊಂಡು, ಆಟವಾಡಲೆಂದು ಅದೇ ಫೋನು ಹಿಡಿದ ಆರು ವರ್ಷದ ಮಗುವಿನ ಕಣ್ಣಿಗೆ ಬೀಳುತ್ತದೆ. ವಾಟ್ಸ್‌ಆ್ಯಪ್ ಸೆಟ್ಟಿಂಗಿನಲ್ಲಿ ವಿಡಿಯೊ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿಟ್ಟರೆ ಅಷ್ಟರ ಮಟ್ಟಿಗೆ ಕಾಪಾಡಿದಂತಾಗುತ್ತದೆ.

ಸತ್ತವರ ಮನೆಯವರನ್ನು ನೆನೆದರೆ ಹಂಚುವ ಕೈ ತಡೆಯಬೇಕು. ಮಗ ಹೋದನೆಂಬ ಸುದ್ದಿಗಿಂತ ಮೊದಲು ಅವನು ಹೋದ ರೀತಿ ಮನೆಗೆ ಬಂದು ತಲುಪುತ್ತದೆ. ತಿಥಿ ಕಳೆದು ವರ್ಷಗಳಾದ ಮೇಲೂ ಯಾವುದೋ ಗುಂಪಿನಲ್ಲಿ ಮತ್ತೆ ಬರುತ್ತದೆ. ಘನತೆಯ ಹಕ್ಕು ಮೃತದೇಹಕ್ಕೂ ಸಲ್ಲುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ.

ಸ್ಥಳದಲ್ಲಿದ್ದವರು ಚಿತ್ರೀಕರಣಕ್ಕೆ ಕಳೆಯುವ ಸಮಯದಲ್ಲಿ ಒಂದು ಜೀವ ಉಳಿಯಬಹುದು ಎಂಬುದನ್ನೂ ಹೇಳಲೇಬೇಕು. ಮನೆಯ ಕರೆಂಟು ತಗುಲಿದವರನ್ನು ಮೇನ್ ಸ್ವಿಚ್ ಆರಿಸಿಯೋ, ಆಗದಿದ್ದರೆ ಒಣ ಕೋಲಿನಿಂದ ದೂಡಿಯೋ ಬಿಡಿಸಬಹುದು. ಹೈಟೆನ್ಷನ್ ಲೈನಿನ ಮುಂದೆ ಒಣ ಕೋಲು, ರಬ್ಬರ್ ಚಪ್ಪಲಿ ಯಾವ ಲೆಕ್ಕಕ್ಕೂ ಇಲ್ಲ; ಒಬ್ಬರನ್ನು ಬಿಡಿಸಲು ಹೋಗಿ ಮತ್ತೊಬ್ಬರು ಸಾಯುವುದು ಹೀಗೆಯೇ. ಲೈನು ಬಂದ್ ಆಗಿದೆ ಎಂದು ಇಲಾಖೆಯವರು ಖಚಿತಪಡಿಸುವವರೆಗೆ ಹತ್ತಿರ ಹೋಗುವಂತಿಲ್ಲ. ಬಂದ್ ಆದ ಮೇಲೆ ಬಿದ್ದವರ ದೇಹದಲ್ಲಿ ಕರೆಂಟು ಉಳಿದಿರುವುದಿಲ್ಲ, ಮುಟ್ಟಬಹುದು. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಲೇ ಇರಬೇಕು, ಆಂಬುಲೆನ್ಸಿಗೆ 108 ಕರೆಯಬೇಕು. ಕರೆಂಟಿನಿಂದ ನಿಂತ ಹೃದಯ ಬಹಳ ಸಲ ಆರೋಗ್ಯವಂತ ಹೃದಯವೇ ಆಗಿರುವುದರಿಂದ ಈ ಒತ್ತುವಿಕೆಗೆ ಫಲ ಸಿಗುವ ಸಾಧ್ಯತೆ ಇದೆ.

ಲೈನಿನ ಜತೆಗೇ ಬದುಕುವವರು ಅದನ್ನು ಹೇಗೆ ಕಾಣುತ್ತಾರೆಂಬುದನ್ನು ಯಾವುದಾದರೂ ಟಿಸಿ (ಟ್ರಾನ್ಸ್‌ಫಾರ್ಮರ್) ಕಂಬದ ಬಳಿ ನಿಂತು ನೋಡಬಹುದು. ಕಂಬ ಹತ್ತುವ ಮುನ್ನ ಲೈನ್‌ಮ್ಯಾನ್ ಸಬ್‌ಸ್ಟೇಷನ್ನಿನಿಂದ ಎಲ್‌ಸಿ, ಅಂದರೆ ಲೈನ್ ಕ್ಲಿಯರ್ ಪಡೆಯಬೇಕು. ಸ್ವಿಚ್ಚಿನ ಬ್ಲೇಡುಗಳು ಬಿಚ್ಚಿಕೊಂಡಿರುವುದನ್ನು ಕೆಳಗಿನಿಂದ ಕಣ್ಣಾರೆ ನೋಡಬೇಕು. ಅಷ್ಟಕ್ಕೂ ಅವರು ನಂಬುವಂತಿಲ್ಲ, ಏಕೆಂದರೆ ಯಾರದೋ ಮನೆಯ ಜನರೇಟರಿನ ಕರೆಂಟು ಹಿಮ್ಮುಖವಾಗಿ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟುಗಳಿಗೆ ಏರಿ ಅದೇ ತಂತಿಗೆ ಬಂದಿರಬಹುದು. ಲೈನಿನ ಕರೆಂಟನ್ನು ನೆಲಕ್ಕೆ ಇಳಿಸುವ ಡಿಸ್ಚಾರ್ಜ್ ರಾಡಿನ ತಂತಿಯನ್ನು ಮೊದಲು ನೆಲದ ಅರ್ಥಿಂಗಿಗೆ ಬಿಗಿಯಬೇಕು, ಆಮೇಲೆ ರಾಡಿನ ಕೊಕ್ಕೆಯನ್ನು ಮೇಲೆತ್ತಿ ಮೂರೂ ತಂತಿಗಳಿಗೆ ಒಂದೊಂದಾಗಿ ಸಿಕ್ಕಿಸಬೇಕು. ಕೆಲಸ ಮುಗಿದಾಗ ಬಿಚ್ಚುವ ಕ್ರಮ ತಿರುಗುಮುರುಗು: ಕೊಕ್ಕೆ ಮೊದಲು, ನೆಲದ ತುದಿ ಕೊನೆಗೆ.